ಏಂಜೆಲ್ ಮೀನಿನ ರೆಕ್ಕೆ ಹರಿಯುತ್ತಿದೆ: ರೋಗವೋ, ಟೈಗರ್ ಬಾರ್ಬ್‌ಗಳ ಕಾಟವೋ?

ಪ್ರಶ್ನೆ (ಕಲಬುರಗಿಯಿಂದ)

ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಅಕ್ವೇರಿಯಂ ಇದೆ. ಅದರಲ್ಲಿ ಎರಡು ಏಂಜೆಲ್ ಮೀನುಗಳನ್ನೂ ನಾಲ್ಕು ಟೈಗರ್ ಬಾರ್ಬ್‌ಗಳನ್ನೂ ಸಾಕಿದ್ದೇನೆ. ಕೆಲವು ವಾರಗಳಿಂದ ಏಂಜೆಲ್‌ಗಳ ಹೊಟ್ಟೆಯಡಿ ಇಳಿಬಿದ್ದಿರುವ ನೀಳ ರೆಕ್ಕೆಗಳು ಮೊಟಕಾಗುತ್ತ ಬಂದು, ಈಗ ಬಾಲದ ಅಂಚೂ ಹರಿದಿದೆ. ಅಂಗಡಿಯವರು ಇದನ್ನು ರೆಕ್ಕೆ ಕೊಳೆಯುವ ರೋಗವೆಂದು ಹೇಳಿ ಮೆಥಿಲೀನ್ ಬ್ಲೂ ಔಷಧಿಯನ್ನೂ ಕಲ್ಲುಪ್ಪನ್ನೂ ಕೊಟ್ಟರು. ಎರಡನ್ನೂ ಹಾಕಿದರೂ ಗುಣ ಕಾಣಲಿಲ್ಲ. ನೀರು ಬೋರ್‌ವೆಲ್‌ನದು, ಅಲಂಕಾರಕ್ಕೆ ಶಹಾಬಾದ್ ಕಲ್ಲಿನ ತುಂಡುಗಳನ್ನು ಜೋಡಿಸಿದ್ದೇನೆ. ಔಷಧಿಯ ಪ್ರಮಾಣವನ್ನು ಹೆಚ್ಚಿಸಬೇಕೇ?

ಉತ್ತರ

ಸದ್ಯಕ್ಕೆ ಹೆಚ್ಚಿಸಬೇಡಿ, ಇರುವುದನ್ನೂ ನಿಲ್ಲಿಸಿ. ಮೊದಲು ಹರಿದ ಅಂಚನ್ನು ಬೆಳಕಿಗೆ ಹಿಡಿದಂತೆ ಗಮನಿಸಿ ನೋಡಿ. ಕೊಳೆರೋಗವಾಗಿದ್ದರೆ ಅಂಚು ಬೆಳ್ಳಗಾಗಿ ಮಸುಕಾಗಿರುತ್ತದೆ, ಕೆಲವೊಮ್ಮೆ ಕೆಂಪು ಗೆರೆಯೂ ಇರುತ್ತದೆ, ಮತ್ತು ಕ್ಷಯವು ಅಂಚಿನಿಂದ ಬುಡದ ಕಡೆಗೆ ನಿಧಾನವಾಗಿ ಸಾಗುತ್ತದೆ. ಬೇರೆ ಮೀನು ಕಚ್ಚಿದ್ದಾದರೆ ಅಂಚು ಚೊಕ್ಕವಾಗಿ ಕತ್ತರಿಸಿದಂತಿದ್ದು, ನಿನ್ನೆ ಇಲ್ಲದಿದ್ದ ಕಚ್ಚು ಇವತ್ತು ಇದ್ದಕ್ಕಿದ್ದಂತೆ ಕಾಣಿಸುತ್ತದೆ. ಮೀನಿನ ಮಲ ಮತ್ತು ಮಿಕ್ಕ ಆಹಾರದಿಂದ ನೀರಿಗೆ ಸೇರುವ ಅಮೋನಿಯಾ, ಮತ್ತು ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ತೋರಿಸುವ ಪಿಎಚ್, ಎರಡನ್ನೂ ಪರೀಕ್ಷಾ ಕಿಟ್‌ನಲ್ಲಿ ಅಳೆದು ತಿಳಿಸಿ. ಬೆಳಿಗ್ಗೆ ದೀಪ ಹಾಕಿದ ಮೇಲೆ ಗಾಜಿನ ಹತ್ತಿರ ಹೋಗದೆ ದೂರ ಕುಳಿತು ನೋಡುವುದೂ ಮುಖ್ಯ. ನಾವು ಎದುರಿಗೆ ನಿಂತರೆ ಮೀನುಗಳು ಊಟದ ಆಸೆಗೆ ಒಂದೆಡೆ ಸೇರುತ್ತವೆಯೇ ಹೊರತು ಅವುಗಳ ನಿಜವಾದ ನಡವಳಿಕೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಅಂಚು ಚೊಕ್ಕವಾಗಿಯೇ ಇದೆ, ಬಿಳುಪಿಲ್ಲ. ಪಿಎಚ್ 8, ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ, ಮಧ್ಯಾಹ್ನ ನೀರಿನ ಉಷ್ಣತೆ 31 ಡಿಗ್ರಿ. ದೂರದಿಂದ ನೋಡಿದಾಗ, ಒಂದು ಬಾರ್ಬ್ ಏಂಜೆಲ್‌ನ ಹಿಂದಿನಿಂದ ಬಂದು ಮುಟ್ಟಿ ಓಡುವುದು ಪದೇ ಪದೇ ಕಂಡಿತು. ಇದು ಆಟವೆಂದು ನಾನು ತಿಳಿದಿದ್ದೆ.

ಇನ್ನೊಬ್ಬರು (ಬೀದರ್‌ನಿಂದ)

ಬಾರ್ಬ್‌ಗಳ ಮೇಲೆಯೇ ಎಲ್ಲವನ್ನೂ ಹೊರಿಸುವ ಮುನ್ನ ಶಹಾಬಾದ್ ಕಲ್ಲನ್ನೂ ಪರಿಶೀಲಿಸಬೇಕು. ಒಡೆದ ಫರಸಿಯ ಅಂಚು ಚೂಪಾಗಿರುತ್ತದೆ. ಬೆದರಿ ನುಗ್ಗಿದ ಏಂಜೆಲ್ ಅದಕ್ಕೆ ತಾಗಿ ರೆಕ್ಕೆ ಹರಿದುಕೊಳ್ಳುವ ಸಾಧ್ಯತೆಯಿದೆ. ಬಾರ್ಬ್‌ಗಳೇ ಕಾರಣವಾಗಿದ್ದರೂ, ನಾಲ್ಕರ ಬದಲು ಹತ್ತನ್ನು ಬಿಟ್ಟರೆ ಅವು ತಮ್ಮೊಳಗೇ ಓಡಾಡಿಕೊಂಡು ಏಂಜೆಲ್‌ಗಳನ್ನು ಮರೆಯುತ್ತವೆ.

ಉತ್ತರ

ಕಲ್ಲಿನ ಅನುಮಾನ ತಳ್ಳಿಹಾಕುವಂಥದ್ದಲ್ಲ. ಆದರೆ ಕಲ್ಲಿಗೆ ತಾಗಿದರೆ ಸಾಮಾನ್ಯವಾಗಿ ಮೈಯ ಪೊರೆಯೂ ಕಿತ್ತಿರುತ್ತದೆ, ಗಾಯ ಒಂದೇ ಮೀನಿಗೆ, ಒಂದೇ ಮಗ್ಗುಲಿಗೆ ಇರುತ್ತದೆ. ಇಲ್ಲಿ ಎರಡೂ ಏಂಜೆಲ್‌ಗಳಲ್ಲಿ ಮೊದಲು ಮೊಟಕಾದದ್ದು ಹೊಟ್ಟೆಯಡಿಯ ಎಳೆಗಳು, ಆಮೇಲೆ ಬಾಲ. ನಿಧಾನವಾಗಿ ತೇಲುವ ಮೀನಿನ ಇಳಿಬಿದ್ದ ರೆಕ್ಕೆಯನ್ನು ಕಚ್ಚುವ ಅಭ್ಯಾಸಕ್ಕೆ ಟೈಗರ್ ಬಾರ್ಬ್ ಮೊದಲಿನಿಂದಲೂ ಹೆಸರಾದದ್ದು. ನೀವು ಆಟವೆಂದು ತಿಳಿದದ್ದು ಅದೇ. ಖಚಿತಪಡಿಸಿಕೊಳ್ಳಬೇಕೆಂದರೆ ಬಾರ್ಬ್‌ಗಳನ್ನು ಕೆಲವು ದಿನ ಜಾಲರಿ ಪೆಟ್ಟಿಗೆಯಲ್ಲಿ ಬೇರೆಯಾಗಿಟ್ಟು, ಕಲ್ಲನ್ನು ಅಲ್ಲೇ ಬಿಡಿ. ಹೊಸ ಕಚ್ಚು ಬೀಳದಿದ್ದರೆ ಕಲ್ಲು ನಿರಪರಾಧಿ.

ಗುಂಪು ದೊಡ್ಡದಾದಷ್ಟೂ ಬಾರ್ಬ್‌ಗಳ ಕಿತಾಪತಿ ತಮ್ಮೊಳಗೇ ಹಂಚಿಹೋಗುತ್ತದೆ ಎನ್ನುವುದು ನಿಜ, ಎಂಟಕ್ಕಿಂತ ಕಡಿಮೆ ಇಡಬಾರದೆನ್ನುವುದೂ ಅದಕ್ಕೇ. ಆದರೆ ಅದು ಈಜಾಡಲು ಜಾಗವಿರುವ ತೊಟ್ಟಿಗೆ ಅನ್ವಯಿಸುವ ಮಾತು. ಎರಡು ಘನ ಅಡಿಯ ತೊಟ್ಟಿಯೆಂದರೆ ಅಂಚಿನವರೆಗೆ ತುಂಬಿದರೂ 57 ಲೀಟರ್ ದಾಟುವುದಿಲ್ಲ, ಕಲ್ಲು ಮತ್ತು ಜಲ್ಲಿ ಕಳೆದರೆ ಇನ್ನೂ ಕಡಿಮೆ. ಅಷ್ಟರಲ್ಲಿ ಹತ್ತು ಬಾರ್ಬ್‌ಗಳ ಜೊತೆ ಏಂಜೆಲ್‌ಗಳಿಗೆ ಮರೆಯಾಗಲು ಮೂಲೆಯೂ ಸಿಗುವುದಿಲ್ಲ. ಬೀದರ್‌ನ ಗೆಳೆಯರು ಹೇಳಿದ ಉಪಾಯವನ್ನು ನಾಲ್ಕಡಿಯ ತೊಟ್ಟಿಯವರು ಬೇಕಾದರೆ ಪ್ರಯತ್ನಿಸಲಿ. ಅಲ್ಲಿಯೂ ಅದು ಖಾತರಿಯಲ್ಲ.

ಇನ್ನು ಅಮೋನಿಯಾ. ಈ ಸಂಖ್ಯೆಯನ್ನು ನಾನು ರೆಕ್ಕೆಗಿಂತ ತುರ್ತಿನದೆಂದು ನೋಡುತ್ತೇನೆ. ಮೆಥಿಲೀನ್ ಬ್ಲೂ ಫಿಲ್ಟರ್‌ನೊಳಗೆ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲದು, ಆದ್ದರಿಂದ ಅದನ್ನು ಮುಖ್ಯ ತೊಟ್ಟಿಗೆ ಹಾಕದೆ ಬೇರೆ ಪಾತ್ರೆಯಲ್ಲಿ ಬಳಸುವುದೇ ಸರಿ. ಅಮೋನಿಯಾದಲ್ಲಿ ವಿಷಕಾರಿಯಾದ ರೂಪದ ಪಾಲು ಪಿಎಚ್ 7, 25 ಡಿಗ್ರಿಯಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ, ನಿಮ್ಮಲ್ಲಿರುವ ಪಿಎಚ್ 8, 31 ಡಿಗ್ರಿಯಲ್ಲಿ ಅದು ಶೇಕಡಾ 8ರ ಆಸುಪಾಸಿಗೆ ಏರುತ್ತದೆ. ಸುಣ್ಣಕಲ್ಲಿನ ನೆಲದ ಗಡಸು ನೀರೂ ಕಲಬುರಗಿಯ ಬಿಸಿಲೂ ಹೀಗೆ ಒಟ್ಟಿಗೆ ಮೀನಿನ ವಿರುದ್ಧ ನಿಲ್ಲುತ್ತವೆ. ಇವತ್ತೇ ಕಾಲು ಭಾಗ ನೀರು ಬದಲಿಸಿ, ಅಮೋನಿಯಾ ಸೊನ್ನೆಗೆ ಬರುವವರೆಗೆ ದಿನಕ್ಕೊಮ್ಮೆ ಹಾಗೆಯೇ ಮಾಡಿ, ಆಹಾರವನ್ನು ಅರ್ಧಕ್ಕಿಳಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ಹಗಲಿರುಳು ನಡೆಯಲಿ. ಕರೆಂಟ್ ಹೋದಾಗ ಬ್ಯಾಟರಿಯ ಪಂಪ್ ಕೈಗೆ ಸಿಗುವಂತಿರಲಿ. ನಲ್ಲಿ ನೀರು ಬಳಸುವುದಾದರೆ ಆ್ಯಂಟಿ ಕ್ಲೋರಿನ್ ಹಾಕದೆ ಬಿಡಬೇಡಿ.

ಪಿಎಚ್ ಇಳಿಸುವ ದ್ರಾವಣವನ್ನು ಯಾರಾದರೂ ಸೂಚಿಸಿದರೆ ಕೊಳ್ಳಬೇಡಿ. ಏಂಜೆಲ್ ಅಮೆಜಾನ್ ಜಲಾನಯನದ ಮೃದು ನೀರಿನ ಮೀನಾದರೂ, ನಮ್ಮ ಅಂಗಡಿಗಳಿಗೆ ಬರುವುವು ಹೆಚ್ಚಾಗಿ ಸಾಕಣೆಯಲ್ಲಿ ಬೆಳೆದವು. ಗಡಸು ನೀರು ನಿಧಾನವಾಗಿ ಒಗ್ಗಿದರೆ ಅವು ಬದುಕುತ್ತವೆ, ದಿನಕ್ಕೊಂದು ಪಿಎಚ್ ಅವುಗಳಿಗೆ ಒಗ್ಗದು. ಬೇಸಿಗೆಯಲ್ಲಿ ಆವಿಯಾದಷ್ಟನ್ನು ಮಾತ್ರ ಆರ್‌ಓ ನೀರಿನಿಂದ ತುಂಬಿ. ಆವಿಯಾಗುವುದು ನೀರು ಮಾತ್ರ; ಸುಣ್ಣದಂಶವೂ ನೀವು ಹಾಕಿದ ಉಪ್ಪೂ ತೊಟ್ಟಿಯಲ್ಲೇ ಉಳಿಯುತ್ತವೆ. ಆರ್‌ಓ ಯಂತ್ರ ಹೊರಬಿಡುವ ನೀರು ಮೂಲ ನೀರಿಗಿಂತ ಗಡಸು, ಅದನ್ನು ತೊಟ್ಟಿಯ ಹತ್ತಿರವೂ ತರಬೇಡಿ.

ಪ್ರಶ್ನೆ ಕೇಳಿದವರು

ಬಾರ್ಬ್‌ಗಳನ್ನು ಜಾಲರಿಯಲ್ಲಿಟ್ಟ ಮೇಲೆ ಹೊಸ ಕಚ್ಚು ಕಂಡಿಲ್ಲ, ಅಮೋನಿಯಾವೂ ಇಳಿದಿದೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ಯಾವುದನ್ನು ಬಿಡಲಿ? ಮನೆಯವರಿಗೆಲ್ಲ ಏಂಜೆಲ್ ಇಷ್ಟ.

ಉತ್ತರ

ಮನೆಯವರಿಗೆ ಬೇಸರವಾದೀತು, ಆದರೆ ಈ ತೊಟ್ಟಿಯಲ್ಲಿ ಉಳಿಯಬೇಕಾದುದು ಬಾರ್ಬ್. ಅದು ಆರೇಳು ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಎರಡಡಿಯ ಉದ್ದದಲ್ಲಿ ಸಣ್ಣ ಗುಂಪಾಗಿ ಓಡಾಡಬಲ್ಲದು. ಏಂಜೆಲ್‌ಗಳು ಹೋದ ಮೇಲೆ ಸಂಖ್ಯೆಯನ್ನು ನಿಧಾನವಾಗಿ ಎಂಟಕ್ಕೆ ಏರಿಸಿ. ಬಲಿತ ಏಂಜೆಲ್ ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಯವರೆಗೆ 20 ಸೆಂಟಿಮೀಟರ್ ಮೀರುತ್ತದೆ, ಒಂದಡಿ ಎತ್ತರದ ನೀರು ಅದಕ್ಕೆ ಇಕ್ಕಟ್ಟು. ಏಂಜೆಲ್ ಬೇಕೇ ಬೇಕೆಂದರೆ ಕನಿಷ್ಠ ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ಕೊಂಡು, ಅದರ ಫಿಲ್ಟರ್ ನಡೆದು ಅಮೋನಿಯಾ ಸೊನ್ನೆಯಾದ ಮೇಲೆ ಅವನ್ನು ಸ್ಥಳಾಂತರಿಸಿ. ಅಲ್ಲಿಯವರೆಗೆ ಬಾರ್ಬ್‌ಗಳನ್ನು ಇಕ್ಕಟ್ಟಾದ ಜಾಲರಿಯಲ್ಲೇ ಇಡದೆ, ತೊಟ್ಟಿಯ ನಡುವೆ ರಂಧ್ರಗಳಿರುವ ಅಡ್ಡಗೋಡೆ ನಿಲ್ಲಿಸಿದರೆ ಎರಡಕ್ಕೂ ಅನುಕೂಲ.

ಹರಿದ ಪೊರೆ ಶುದ್ಧ ನೀರಿನಲ್ಲಿ ಔಷಧಿಯಿಲ್ಲದೆಯೇ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಹೊಸ ಭಾಗ ಮೊದಲು ಪಾರದರ್ಶಕವಾಗಿ ಕಾಣುವುದು ಸಹಜ. ಬುಡದವರೆಗೆ ತುಂಡಾದ ಎಳೆ ಮಾತ್ರ ಸೊಟ್ಟಗೆ ಬೆಳೆಯಬಹುದು ಅಥವಾ ಬೆಳೆಯದೆಯೂ ಇರಬಹುದು. ಅಂಚಿನಲ್ಲಿ ಬಿಳುಪು ಅಥವಾ ಹತ್ತಿಯಂಥ ಪದರ ಕಂಡರೆ ಆಗ ಚಿತ್ರ ತೆಗೆದು ಇಲ್ಲಿ ಹಾಕಿ, ಔಷಧಿಯ ಮಾತನ್ನು ಆಗ ಆಡೋಣ.