ಹೂಳಿನ ಎಣ್ಣೆ ಹೋಯಿತು, ನೀರಿಗೆ ಕ್ಯಾಡ್ಮಿಯಂ ಬಂತು. ಯಾಕೆ?

ಪ್ರಶ್ನೆ: ನದಿಯ ಕಪ್ಪು ಹೂಳಿನಲ್ಲಿ ಎಣ್ಣೆಯ ಅಂಶ ಜಾಸ್ತಿ ಇತ್ತು. ಲ್ಯಾಬ್‌ನಲ್ಲಿ ಪರ್ಸಲ್ಫೇಟ್ ಪುಡಿ (ಎಣ್ಣೆಯಂಥದ್ದನ್ನು ಸುಟ್ಟು ಒಡೆಯುವ ಆಕ್ಸಿಡೈಸರ್) ಹಾಕಿ ನೋಡಿದೆವು. ಎಣ್ಣೆ ಚೆನ್ನಾಗಿಯೇ ಇಳಿಯಿತು. ಆದರೆ ಮೇಲೆ ನಿಂತ ನೀರಿನಲ್ಲಿ ಮೊದಲು ಇಲ್ಲದ ಸತು, ಕ್ಯಾಡ್ಮಿಯಂ ಕಾಣಿಸಿಕೊಂಡಿವೆ. ಪುಡಿಯಲ್ಲೇ ಕಲಬೆರಕೆ ಇರಬಹುದಾ?

ಉತ್ತರ: ಅನುಮಾನವಿದ್ದರೆ ಪುಡಿಯನ್ನು ಬರೀ ನೀರಿಗೆ ಹಾಕಿ ಒಂದು ಬ್ಲ್ಯಾಂಕ್ (ಹೂಳಿಲ್ಲದ ಹೋಲಿಕೆ ಪರೀಕ್ಷೆ) ಮಾಡಿ. ನನ್ನ ಪ್ರಕಾರ ಲೋಹ ಹೂಳಿನಲ್ಲೇ ಇತ್ತು.

ಹೂಳಿಗೆ ಆ ಕಪ್ಪು ಬಣ್ಣ ಬರುವುದು ಮುಖ್ಯವಾಗಿ ಕಬ್ಬಿಣದ ಸಲ್ಫೈಡ್‌ನಿಂದ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಸತು, ಕ್ಯಾಡ್ಮಿಯಂ, ಸೀಸ, ತಾಮ್ರ ಎಲ್ಲವೂ ಅದರ ಜೊತೆ ಸೇರಿ ಕರಗದೆ ಕೂರುತ್ತವೆ. ಪರ್ಸಲ್ಫೇಟ್ ಎಣ್ಣೆಯನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ, ಸಲ್ಫೈಡನ್ನೂ ಸುಡುತ್ತದೆ. ಸಲ್ಫೈಡ್ ಹೋದರೆ ಲೋಹಕ್ಕೆ ಹಿಡಿತ ತಪ್ಪಿತು. ಸಾಲದ್ದಕ್ಕೆ ಪರ್ಸಲ್ಫೇಟ್ ಒಡೆದಾಗ ಆಮ್ಲವೂ ಹುಟ್ಟುತ್ತದೆ. ಹೂಳಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸರ್ರನೆ ಇಳಿದು, ಕಾರ್ಬೊನೇಟ್‌ನಲ್ಲಿದ್ದ ಲೋಹವೂ ಹೊರಬರುತ್ತದೆ. ನೀವು ಪಿಎಚ್ ಬರೆದಿಲ್ಲ. ನಾನು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ: ಕೊನೆಯಲ್ಲಿ 3.4 ಇತ್ತು. ಹಾಗಿದ್ದರೆ ಸೀಸ ಯಾಕೆ ಬರಲಿಲ್ಲ? ಹೂಳಿನಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ.

ಉತ್ತರ: ಒಳ್ಳೆಯ ಪ್ರಶ್ನೆ. ಈಗ ನಿಮ್ಮ ಜಾರ್ ತುಂಬ ಸಲ್ಫೇಟ್ ಇದೆ. ಸೀಸದ ಸಲ್ಫೇಟ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಸತು, ಕ್ಯಾಡ್ಮಿಯಂ ಸಲ್ಫೇಟ್‌ಗಳು ಸಲೀಸಾಗಿ ಕರಗುತ್ತವೆ. ಹಾಗಂತ ಸೀಸದ ಬಗ್ಗೆ ನಿಶ್ಚಿಂತೆ ಬೇಡ. ಸಲ್ಫೈಡ್ ಆಗಿದ್ದಾಗ ಇದ್ದಷ್ಟು ಗಟ್ಟಿಯಾಗಿ ಅದು ಈಗಿಲ್ಲ.

ಪ್ರಶ್ನೆ: ಕೊನೆಗೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಸಾಕಲ್ವಾ?

ಉತ್ತರ: ಸತು, ಕ್ಯಾಡ್ಮಿಯಂ ಮಟ್ಟಿಗೆ ಹೌದು, ಬಹುಪಾಲು ಕೆಳಗೆ ಕೂರುತ್ತವೆ. ಆದರೆ ಹೂಳಿನಲ್ಲಿ ಆರ್ಸೆನಿಕ್ ಅಥವಾ ಕ್ರೋಮಿಯಂ ಇದ್ದರೆ ಸುಮ್ನೆ ಸುಣ್ಣ ಸುರಿಯಬೇಡಿ. ಪಿಎಚ್ ಜಾಸ್ತಿಯಾದಷ್ಟೂ ಆರ್ಸೆನಿಕ್ ಕಬ್ಬಿಣದ ತುಕ್ಕಿನಿಂದ ಬಿಟ್ಟುಕೊಳ್ಳುತ್ತದೆ. ಬಲವಾದ ಆಕ್ಸಿಡೈಸರ್ ಸಿಕ್ಕರೆ ಮೂರರ ಆಕ್ಸಿಡೇಶನ್ ಸ್ಥಿತಿಯ ಕ್ರೋಮಿಯಂ (Cr III) ಆರರ ಕ್ರೋಮಿಯಂ (Cr VI) ಆಗಬಹುದು. ಅದು ವಿಷಕಾರಿ, ನೀರಿನ ಜೊತೆ ಓಡುವಂಥದ್ದು. ಇವೆರಡನ್ನೂ ಅಳೆಯದೆ ಮುಂದೆ ಹೋಗಬೇಡಿ, ದಯವಿಟ್ಟು.

ನಾನಾಗಿದ್ದರೆ ಮೊದಲೇ ಸಲ್ಫೈಡ್ ಅಳೆದು ಡೋಸ್ ಸಣ್ಣದಾಗಿ ಶುರು ಮಾಡುತ್ತಿದ್ದೆ. ಪಿಎಚ್ ಕುಸಿಯುವ ತನಕ ಕಾಯದೆ ಆರಂಭದಿಂದಲೇ ಬಫರ್ (ಪಿಎಚ್ ಇಳಿಯದಂತೆ ತಡೆಯುವ ವಸ್ತು) ಇಡುತ್ತಿದ್ದೆ. ಪುಡಿ ಹಾಕದ ಇನ್ನೊಂದು ಜಾರ್ ಪಕ್ಕದಲ್ಲೇ ಇರಲಿ. ಕೆಲವು ವಾರ ಎರಡರಿಂದಲೂ ನೀರು ತೆಗೆದು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಅಳೆಯಿರಿ. ಲೋಹ ಒಂದೇ ದಿನ ಬಂದು ನಿಲ್ಲುತ್ತದೋ, ಏರುತ್ತಲೇ ಹೋಗುತ್ತದೋ ಎಂಬುದು ಗೊತ್ತಾಗುವವರೆಗೆ ನದಿಗೆ ಕೈ ಹಾಕಬೇಡಿ. ಅಂಕಿ ಬಂದಾಗ ಇಲ್ಲೇ ಹಾಕಿ, ನೋಡೋಣ.