ಕಣಕಾಲಿಗೆ ಪ್ಲೇಟು ಹಾಕಿದ ಮೇಲೆ ಕಾಲೂರುವುದು ಯಾವಾಗ?

ಪ್ರಶ್ನೆ (ಅಡಿಕೆ ಕೃಷಿಕ, ಪೆರ್ಲ ಸಮೀಪ):
ವಯಸ್ಸು 52. ಆಟಿ ತಿಂಗಳ ಮಳೆಯಲ್ಲಿ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟುವಾಗ ಜಾರಿ ಬಿದ್ದು ಬಲಗಾಲಿನ ಕಣಕಾಲು ಎರಡು ಕಡೆ ಮುರಿಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹೊರಗಿನ ಎಲುಬಿಗೆ ಪ್ಲೇಟು, ಒಳಗಿನದಕ್ಕೆ ಎರಡು ಸ್ಕ್ರೂ. ಈಗ ಐದನೆಯ ವಾರ. ಡಿಸ್ಚಾರ್ಜ್ ಚೀಟಿಯಲ್ಲಿ ‘ಎನ್‌ಡಬ್ಲ್ಯುಬಿ 6 ವಾರ’ ಎಂದು ಬರೆದಿದ್ದಾರೆ. ನೆರೆಮನೆಯವರೊಬ್ಬರು ಇದೇ ಬಗೆಯ ಆಪರೇಷನ್ ಆಗಿ ಮೂರನೆಯ ವಾರಕ್ಕೇ ಬೂಟು ತೊಟ್ಟು ನಡೆದವರು. ‘ಕಬ್ಬಿಣ ಹಾಕಿದ ಮೇಲೆ ಹೆದರಿಕೆ ಯಾಕೆ?’ ಎನ್ನುತ್ತಾರೆ. ಹೋದ ವಾರ ರಾತ್ರಿ ಬಚ್ಚಲಿಗೆ ಹೋಗುವಾಗ ನಿದ್ದೆಗಣ್ಣಿನಲ್ಲಿ ಎರಡು ಹೆಜ್ಜೆ ಊರಿಯೇ ಬಿಟ್ಟೆ. ನೋವಾಗಲಿಲ್ಲ. ಏನಾದರೂ ಕೆಟ್ಟಿರಬಹುದೇ? ನೋವಿಲ್ಲದಿದ್ದರೆ ನಡೆಯಬಹುದಲ್ಲವೇ? ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಮದ್ದು ಬಿಡುವುದು ಬಾಕಿಯಿದೆ.

ಉತ್ತರ (ಫಿಸಿಯೋಥೆರಪಿಸ್ಟ್):
ಮೊದಲು ಚೀಟಿಯ ಭಾಷೆ. ‘ಎನ್‌ಡಬ್ಲ್ಯುಬಿ’ ಎಂದರೆ ಆ ಕಾಲಿನ ಮೇಲೆ ಚೂರೂ ಭಾರ ಬೀಳಬಾರದು. ‘ಪಿಡಬ್ಲ್ಯುಬಿ’ ಎಂದರೆ ಸ್ವಲ್ಪ ಭಾರ, ‘ಎಫ್‌ಡಬ್ಲ್ಯುಬಿ’ ಎಂದರೆ ಪೂರ್ತಿ ಭಾರ. ಕೇರಳ-ಕರ್ನಾಟಕ ಗಡಿಯ ಈಚೆಗೆ ಮಲಯಾಳ, ಆಚೆಗೆ ಕನ್ನಡ, ಚೀಟಿ ಮಾತ್ರ ಇಂಗ್ಲಿಷಿನ ಮೂರಕ್ಷರದಲ್ಲಿ. ರೋಗಿಗೆ ಅದನ್ನು ಬಿಡಿಸಿ ಹೇಳುವ ಕೆಲಸ ನಮ್ಮವರಿಂದ ಆಗುವುದಿಲ್ಲ ಎಂಬ ಸಿಟ್ಟು ನನಗೆ ಯಾವತ್ತಿನದು.

ಎರಡು ಹೆಜ್ಜೆ ಊರಿದ್ದಕ್ಕೆ ನಿದ್ದೆಗೆಡಬೇಡಿ. ಹೊಸ ನೋವು, ಹೊಸ ಬಾವು ಇಲ್ಲದಿದ್ದರೆ ಹಾನಿಯಾಗಿರುವ ಸಂಭವ ಕಡಿಮೆ. ಮುಂದಿನ ಭೇಟಿಯಲ್ಲಿ ಮುಚ್ಚಿಡದೆ ಹೇಳಿ, ಎಕ್ಸ್‌ರೇ ನೋಡುತ್ತಾರೆ. ಆದರೆ ‘ನೋವಿಲ್ಲ, ಆದ್ದರಿಂದ ಕೂಡಿಕೊಂಡಿದೆ’ ಎಂಬ ಲೆಕ್ಕ ತಪ್ಪು. ಪ್ಲೇಟು ತುಂಡುಗಳನ್ನು ಅಲುಗಾಡದಂತೆ ಹಿಡಿದಿರುವುದರಿಂದಲೇ ನೋವಿಲ್ಲ. ಬೇಲಿ ಕಟ್ಟುವ ತಂತಿಯನ್ನು ಕತ್ತರಿ ಇಲ್ಲದಾಗ ನೀವು ಹೇಗೆ ತುಂಡು ಮಾಡುತ್ತೀರಿ? ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ. ಲೋಹ ಒಂದೇಟಿಗೆ ಮುರಿಯುವುದಿಲ್ಲ, ದಣಿದು ಮುರಿಯುತ್ತದೆ. ಎಲುಬು ಕೂಡಿಕೊಳ್ಳುವವರೆಗೆ ಜಾಗ ಕಾಯುವುದಷ್ಟೇ ಪ್ಲೇಟಿನ ಕೆಲಸ. ನಿಮ್ಮನ್ನು ಹೊತ್ತು ತೋಟ ಸುತ್ತುವುದು ಅದರ ಕೆಲಸವಲ್ಲ.

ಇನ್ನು ನೆರೆಮನೆಯವರ ವಿಚಾರ. ಅವರು ಹೇಳುವುದು ಸುಳ್ಳಲ್ಲ. ಎಲ್ಲರಿಗೂ ಆರು ವಾರ ಎಂಬುದು ಹಳೆಯ ರೂಢಿ. ಬ್ರಿಟನ್ನಿನಲ್ಲಿ 561 ಜನರ ಮೇಲೆ ನಡೆದು 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನ ಎರಡು ವಾರಕ್ಕೆ ಕಾಲೂರಿದವರನ್ನೂ ಆರು ವಾರ ಕಾದವರನ್ನೂ ಹೋಲಿಸಿತು. ನಾಲ್ಕು ತಿಂಗಳ ಹೊತ್ತಿಗೆ ಬೇಗ ಊರಿದವರು ಹಿಂದೆ ಬಿದ್ದಿರಲಿಲ್ಲ. ಹಾಗಾದರೆ ನಿಮಗೇಕೆ ಆರು ವಾರ? ಅದು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯರು ಕಣ್ಣಾರೆ ಕಂಡದ್ದರ ಮೇಲೆ ಹೋಗುತ್ತದೆ. ಹೊರಗಿನ ಎಲುಬೊಂದೇ ಮುರಿದಿತ್ತೇ, ಒಳಗಿನದೂ ಹಿಂಬದಿಯದೂ ಸೇರಿತ್ತೇ, ಎಲುಬು ಗಟ್ಟಿಯಿತ್ತೇ, ಸ್ಕ್ರೂ ಚೆನ್ನಾಗಿ ಕಚ್ಚಿಕೊಂಡಿತೇ? ಎಲ್ಲಕ್ಕಿಂತ ಮುಖ್ಯವಾಗಿ, ಕಾಲಿನ ಎರಡು ಎಲುಬುಗಳನ್ನು ಕಣಕಾಲಿನ ಮೇಲ್ಗಡೆ ಒಂದಕ್ಕೊಂದು ಬಿಗಿದಿಡುವ ಲಿಗಮೆಂಟ್ ಹರಿದಿತ್ತೇ? ಅದು ಹರಿದಿದ್ದರೆ ಎರಡೂ ಎಲುಬಿಗೆ ಅಡ್ಡಲಾಗಿ ಒಂದು ಸ್ಕ್ರೂ ಹಾಕುತ್ತಾರೆ. ಅಂಥವರನ್ನು ಸಾಮಾನ್ಯವಾಗಿ ಹೆಚ್ಚು ಕಾಲ ಕಾಯಿಸುತ್ತಾರೆ. ಆದ್ದರಿಂದ ‘ಎಷ್ಟು ವಾರ?’ ಎಂದಷ್ಟೇ ಕೇಳಿ ಬರಬೇಡಿ. ‘ನನಗೆ ಅಡ್ಡ ಸ್ಕ್ರೂ ಇದೆಯೇ? ಜೋಡಣೆ ಭಾರ ತಾಳುವಷ್ಟು ಗಟ್ಟಿಯಾಗಿದೆಯೇ?’ ಎಂದು ಕೇಳಿ.

ಅಲ್ಲಿಯವರೆಗೆ ಸುಮ್ಮನೆ ಮಲಗಿರಬೇಕೆಂದಿಲ್ಲ. ವೈದ್ಯರ ಅನುಮತಿಯಿದ್ದರೆ ಪಾದವನ್ನು ಮೇಲೆ ಕೆಳಗೆ ಆಡಿಸಿ, ಬೆರಳು ಮಡಚಿ ಬಿಡಿಸಿ, ತೊಡೆಯ ಸ್ನಾಯು ಬಿಗಿಹಿಡಿಯಿರಿ. ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಬೆರಳು ಜಾಗವಿರಲಿ, ಭಾರ ಅಂಗೈಯ ಮೇಲಿರಲಿ. ಮೀನಖಂಡದಲ್ಲಿ ಬಿಗಿತ, ನೋವು, ಬಾವು ಬಂದರೆ ಅದೇ ದಿನ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಿ. ನಿಕೋಟಿನ್ ಎಲುಬು ಕೂಡುವುದನ್ನು ತಡ ಮಾಡುತ್ತದೆ. ಅಡಿಕೆ ಬೆಳೆಯುವವರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ, ಆದರೂ ಹೇಳುತ್ತೇನೆ.

ಪ್ರಶ್ನೆ (ಗೃಹಿಣಿ, ಮುಳ್ಳೇರಿಯ):
ಅಮ್ಮನಿಗೆ 64. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದಂತಿರುತ್ತದೆ. ಅವರಿಗೂ ಇದೇ ಆಪರೇಷನ್. ವೈದ್ಯರು ಮೂರು ತಿಂಗಳು ಊರಬಾರದು ಎಂದಿದ್ದಾರೆ. ಮನೆಯಲ್ಲಿ ಎಲ್ಲರೂ ಇದು ಅತಿಯಾಯಿತು ಎನ್ನುತ್ತಿದ್ದಾರೆ. ಮುರಿವೆಣ್ಣೆ (ಪೆಟ್ಟಿಗೆ ಹಚ್ಚುವ ಆಯುರ್ವೇದದ ಎಣ್ಣೆ) ಹಚ್ಚಿ ಉಜ್ಜಿದರೆ ಬೇಗ ಗುಣವಾಗುವುದಿಲ್ಲವೇ?

ಉತ್ತರ:
ಅತಿಯಾಗಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಸೋತವರಿಗೆ ಕಾಯುವ ಅವಧಿಯನ್ನು ಇಮ್ಮಡಿ ಮಾಡುವ ವೈದ್ಯರು ಬಹಳ ಮಂದಿ ಇದ್ದಾರೆ. ಮೇಲೆ ಹೇಳಿದ ಬ್ರಿಟನ್ನಿನ ಅಧ್ಯಯನದಲ್ಲಿ ಕಣಕಾಲಿನ ಸ್ಪರ್ಶಜ್ಞಾನ ಸೋತವರನ್ನು ಸೇರಿಸಿಕೊಂಡೇ ಇರಲಿಲ್ಲ. ಬೇರೆಯವರಿಗೆ ಜೋಡಣೆ ಸಡಿಲವಾದರೆ ನೋವು ಕೂಗಿ ಹೇಳುತ್ತದೆ. ಅಮ್ಮನ ಕಾಲಿನಲ್ಲಿ ಕೂಗುವ ಆ ನರವೇ ಮೂಕವಾಗಿದೆ. ಕಾಲು ಬಿಸಿಯೇರಿ ಕೆಂಪಾಗಿ ಊದಿಕೊಂಡರೆ, ನೋವು ಇಲ್ಲದಿದ್ದರೂ, ಕೂಡಲೇ ಕರೆದುಕೊಂಡು ಹೋಗಿ. ನೋವಿಲ್ಲದೆಯೇ ಪಾದದ ಎಲುಬುಗಳು ಕುಸಿಯುವ ಶಾರ್ಕೋ ಎಂಬ ಸ್ಥಿತಿಯಿದೆ. ಈಗ ಇಡೀ ಭಾರ ಹೊರುತ್ತಿರುವ ಇನ್ನೊಂದು ಪಾದದ ಅಡಿಯನ್ನೂ ದಿನಾ ನೋಡಿ, ಗಾಯವಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಮುರಿವೆಣ್ಣೆಗೆ ನನ್ನ ವಿರೋಧವಿಲ್ಲ, ಉಜ್ಜುವ ಕೈಗಳಿಗೆ ಇದೆ. ಹೊಲಿಗೆಯ ಗಾಯ ಪೂರ್ತಿ ಒಣಗಿದ ಮೇಲೆ, ವೈದ್ಯರನ್ನು ಕೇಳಿ, ಮೆಲ್ಲಗೆ ಸವರಿ. ಎಳೆಯುವುದು, ತಿರುಚುವುದು ಬೇಡ. ಜೋಮು ಹಿಡಿದ ಪಾದಕ್ಕೆ ಬಿಸಿ ಕಿಳಿಯಂತೂ (ಮದ್ದಿನ ಗಂಟಿನ ಶಾಖ) ಬೇಡವೇ ಬೇಡ. ಸುಟ್ಟರೂ ತಿಳಿಯುವುದಿಲ್ಲ.

ಪ್ರಶ್ನೆ (ಹವ್ಯಾಸಿ ಯಕ್ಷಗಾನ ವೇಷಧಾರಿ, ಕುಂಬಳೆ):
ಕಾಲು ಊರಿ ಒಂದು ತಿಂಗಳಾಯಿತು. ಧೀಂಗಿಣ (ಸುತ್ತುತ್ತ ಜಿಗಿಯುವ ಕುಣಿತ) ಯಾವಾಗ?

ಉತ್ತರ:
ಎಕ್ಸ್‌ರೇಯಲ್ಲಿ ಎಲುಬು ಕೂಡಿದೆ ಎಂದು ವೈದ್ಯರು ಹೇಳಬೇಕು. ಬಳಿಕ ಆ ಒಂದೇ ಕಾಲಿನಲ್ಲಿ ನಿಂತು, ಹಿಮ್ಮಡಿ ಎತ್ತಿ ಇಳಿಸುವುದು ಇನ್ನೊಂದು ಕಾಲಿನಷ್ಟೇ ಸಲ ಸಾಧ್ಯವಾಗಬೇಕು. ಆಮೇಲೆ ಜಿಗಿತ, ಎಲ್ಲಕ್ಕಿಂತ ಕೊನೆಗೆ ಸುತ್ತುವುದು. ಈ ಸಲದ ಪತ್ತನಾಜೆಯೊಳಗೆ, ಅಂದರೆ ಆಟದ ತಿರುಗಾಟ ಮುಗಿಯುವುದರೊಳಗೆ, ಎಂಬ ಹಟ ಬೇಡ. ಸದ್ಯಕ್ಕೆ ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಕುಳಿತು ಅರ್ಥ ಹೇಳಿ.

ಮತ್ತೆ ಪೆರ್ಲದಿಂದ, ಹತ್ತು ದಿನದ ಬಳಿಕ:
ತೋರಿಸಿ ಬಂದೆ. ಅಡ್ಡ ಸ್ಕ್ರೂ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ ಎಂದರು. 15 ಕಿಲೋದಿಂದ ಶುರುಮಾಡಿ, ಪ್ರತಿ ವಾರ ಹೆಚ್ಚಿಸಬೇಕಂತೆ. 15 ಕಿಲೋ ಎಂದು ಕಾಲಿಗೆ ತಿಳಿಯುವುದು ಹೇಗೆ? ಮನುಷ್ಯರನ್ನು ತೂಗುವ ಯಂತ್ರ ಮನೆಯಲ್ಲಿಲ್ಲ. ಅಡಿಕೆ ತೂಗುವ ಇಲೆಕ್ಟ್ರಾನಿಕ್ ತಕ್ಕಡಿ ಇದೆ.

ಉತ್ತರ:
ಧಾರಾಳವಾಗಿ ಆಗುತ್ತದೆ. ಒಳ್ಳೆಯ ಕಾಲಿನ ಕೆಳಗೆ ತಕ್ಕಡಿಯಷ್ಟೇ ಎತ್ತರದ ಗಟ್ಟಿ ಹಲಗೆ ಇಡಿ, ಎರಡೂ ಕಡೆ ಹಿಡಿದುಕೊಳ್ಳಲು ಆಧಾರವಿರಲಿ, ಪಕ್ಕದಲ್ಲಿ ಒಬ್ಬರಿರಲಿ. ಪೆಟ್ಟಾದ ಕಾಲನ್ನು ತಕ್ಕಡಿಯ ಮೇಲಿಟ್ಟು ಅಂಕಿ 15 ಆಗುವವರೆಗೆ ಮೆಲ್ಲಗೆ ಒತ್ತಿ. ಕಣ್ಣು ಮುಚ್ಚಿ ಒತ್ತಿ, ಮತ್ತೆ ಕಣ್ಣು ತೆರೆದು ಅಂಕಿ ನೋಡಿ. ನಾಲ್ಕೈದು ದಿನದಲ್ಲಿ ಕಾಲಿಗೇ ಅಂದಾಜು ಸಿಗುತ್ತದೆ. ಸಂಜೆ ಸ್ವಲ್ಪ ನೋವು, ಬಾವು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಗೂ ಇಳಿಯದಿದ್ದರೆ ಹಿಂದಿನ ವಾರದ ತೂಕಕ್ಕೆ ಮರಳಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಮುಂದೆ ಒಂದೇ ಕೋಲಿಗೆ ಬಂದಾಗ ಅದು ಎಡಗೈಯಲ್ಲಿರಬೇಕು. ಕುಕ್ಕರುಗಾಲಿನ ಪಾಯಿಖಾನೆ ಈಗ ಬೇಡ, ತೂತಿರುವ ಪ್ಲಾಸ್ಟಿಕ್ ಕುರ್ಚಿ ತರಿಸಿ. ಬಲಗಾಲಾದ್ದರಿಂದ ಜೀಪಿನ ಬ್ರೇಕು ಒತ್ತುವುದು ಕೋಲಿಲ್ಲದೆ ನಡೆಯುವವರೆಗೆ ಬೇಡ.

ಮದ್ದು ಬಿಡುವ ದಿನ ಜಗಲಿಯಲ್ಲಿ ಕುಳಿತು, ಕಾಲನ್ನು ಸ್ಟೂಲಿನ ಮೇಲಿಟ್ಟು, ಕೆಲಸದವರಿಗೆ ಕೂಗಿ ಹೇಳಿ. ಆ ಸಂಕಕ್ಕೆ ಹಿಡಿಕೆ ಹಾಕುವವರೆಗೆ ಮನೆಯಲ್ಲಿ ಬೇರೆ ಯಾರೂ ಅದನ್ನು ದಾಟದಿರಲಿ.