ಸೀರಿಯಲ್ ಸೆಟ್ ಚೆಕ್ ಮಾಡುವ ಗನ್ ತರಿಸಿದೆ, ಎಲ್ಲಾ ಕಡೆ ಪೀಂ ಅನ್ನುತ್ತದೆ, ಸತ್ತ ಬಲ್ಬ್ ಸಿಗುತ್ತಿಲ್ಲ

ಕುಣಿಗಲ್ ರಸ್ತೆ (ತುಮಕೂರು)
ಮೂರು ರಾತ್ರಿಯಿಂದ ಇದೇ ಕೆಲಸ, ತಲೆ ಕೆಟ್ಟು ಹೋಗಿದೆ. ಎಲ್‌ಇಡಿ ಸೀರಿಯಲ್ ಸೆಟ್. ಅರ್ಧ ಉರಿಯುತ್ತದೆ, ಅರ್ಧ ಕತ್ತಲು. ಹೋಗಿರುವ ಬಲ್ಬ್ ಹುಡುಕುವ ಗನ್ ಬರುತ್ತದಲ್ಲ, ಅದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮೂತಿಯನ್ನು ವೈರಿಗೆ ಹಿಡಿದರೆ ಪೀಂ ಅನ್ನುತ್ತದೆ, ಎಲ್ಲಿ ನಿಲ್ಲುತ್ತದೋ ಅಲ್ಲಿನ ಬಲ್ಬ್ ಹೋಗಿದೆ ಅಂತ ವಿಡಿಯೋದಲ್ಲಿ ತೋರಿಸಿದ್ದರು. ನನ್ನದು ನಿಲ್ಲುವುದೇ ಇಲ್ಲ. ಪ್ಲಗ್ಗಿನಿಂದ ಬಾಲದ ತನಕ ಒಂದೇ ಸಮ ಪೀಂ. ಟ್ರಿಗರ್ ಇಪ್ಪತ್ತು ಸಲ ಒತ್ತಿದೆ. ಟಕ್ ಟಕ್ ಅಂದಿತು, ಅಷ್ಟೇ.

ಗೂಳೂರು ಗಣಪತಿ ವಿಸರ್ಜನೆ ಒಳಗೆ ಮಹಡಿಗೆ ಕಟ್ಟಲೇಬೇಕು. ಮನೆ ರಸ್ತೆಗೇ ಇದೆ, ಜನ ಎಲ್ಲ ಮುಂದೇನೇ ಓಡಾಡುತ್ತಾರೆ. ಗನ್ ಡಿಫೆಕ್ಟಾ, ನಾನು ಡಿಫೆಕ್ಟಾ?

ಸರ್ಕ್ಯೂಟ್ ಸಾಮಿ (ಶಿರಾ)
ಕಂಟ್ರೋಲರ್ ಹೋಗಿದೆ. ಕಣ್ಣು ಮುಚ್ಚಿ ಹೇಳುತ್ತೇನೆ. ಪ್ಲಗ್ ಹತ್ತಿರ ಬಟನ್ ಇರುವ ಡಬ್ಬಿ ಇದೆಯಲ್ಲ, ಅದನ್ನು ಬಿಚ್ಚಿ. ಒಳಗೆ ಮೂರು ಕಾಲಿನ ಎಸ್‌ಸಿಆರ್ ಇರುತ್ತವೆ, ಒಂದೊಂದು ಸಾಲನ್ನು ಆನ್ ಆಫ್ ಮಾಡುವ ಸ್ವಿಚ್ ಇದ್ದ ಹಾಗೆ, ನಂಬರ್ ಪಿಸಿಆರ್ 406. ಒಂದು ಹೋದರೆ ಅದರ ಸಾಲು ಪೂರ್ತಿ ಕತ್ತಲು. ಬಲ್ಬ್ ಹುಡುಕುವುದು ಸುಮ್ನೆ ಟೈಮ್ ವೇಸ್ಟ್.

ಐಟಿಐ ಮೇಷ್ಟ್ರು (ಕೋಲಾರ)
ಮೊದಲು ಎರಡು ಮಾತು. ಅದು ಸೀರಿಯಲ್ ಅಲ್ಲ, ಸೀರೀಸ್. ಬಲ್ಬುಗಳು ಸರಣಿಯಲ್ಲಿ ಇರುವುದಕ್ಕೆ ಆ ಹೆಸರು. ಎರಡನೆಯದು, ಯಾವ ಸೆಟ್ ಅಂತ ನೀವು ಹೇಳಿಯೇ ಇಲ್ಲ. ನೇರ 230 ವೋಲ್ಟಿನದಾ, ಅಡಾಪ್ಟರ್ ಇರುವುದಾ? ಎಷ್ಟು ಬಲ್ಬ್? ಎರಡು ವೈರಾ, ಮೂರಾ? ಮಳೆಗೆ ನೆಂದಿತ್ತಾ? ಗನ್ ಯಾವುದು?

ಮುಳಬಾಗಿಲು ಪಿಕ್ಸೆಲ್
ಮೇಷ್ಟ್ರೇ, ಅಂಗಡಿಗೆ ಹೋಗಿ ಸೀರೀಸ್ ಸೆಟ್ ಕೊಡಿ ಅಂದರೆ ನಿಮ್ಮ ಮುಖ ನೋಡುತ್ತಾರೆ. ಸೀರಿಯಲ್ ಸೆಟ್ ಅಂದರೇ ಸೀರಿಯಲ್ ಸೆಟ್ 😀

ಕುಣಿಗಲ್ ರಸ್ತೆ
ಮಾಮೂಲಿ ಸೆಟ್ ಸಾರ್. ಎಲ್ಲರ ಮನೆಯಲ್ಲೂ ಇರುವುದೇ. ವಾರ್ಮ್ ವೈಟ್. ಡಬ್ಬಿ ಗಿಬ್ಬಿ ಇಲ್ಲ, ನೇರ ಪ್ಲಗ್. ಬಾಲದಲ್ಲಿ ಇನ್ನೊಂದು ಸೆಟ್ ಸೇರಿಸುವ ಸಾಕೆಟ್ ಇದೆ. ಗನ್ ಹಳದಿ ಬಣ್ಣದ್ದು. ಹಿಂದೆ ತೂತು ಇದೆ, ಬಲ್ಬ್ ಕಿತ್ತು ಅದರಲ್ಲಿ ಸಿಕ್ಕಿಸಿ ನೋಡಿ ಅಂತ ಚಿತ್ರ ಇದೆ. ಆದರೆ ಬಲ್ಬ್ ಎಲ್ಲಿ ಕೀಳಲಿ? ಎಳೆದರೆ ವೈರೇ ಬರುತ್ತದೆ.

ಸರ್ಕ್ಯೂಟ್ ಸಾಮಿ
ಡಬ್ಬಿ ಇಲ್ಲದೆ ಹೇಗೆ ಇರುತ್ತದೆ ಗುರು? ಸರಿಯಾಗಿ ನೋಡಿ. ಕೆಲವಕ್ಕೆ ಪ್ಲಗ್ಗಿನ ಒಳಗೇ ಇಟ್ಟಿರುತ್ತಾರೆ. ನಾನು ಹೋದ ದೀಪಾವಳಿಯಲ್ಲಿ ಒಂದೇ ವಾರ ಆರು ಡಬ್ಬಿ ರೆಡಿ ಮಾಡಿದ್ದೇನೆ. ಆರರಲ್ಲೂ ಎಸ್‌ಸಿಆರ್.

ಐಟಿಐ ಮೇಷ್ಟ್ರು
ಗನ್ ಸಂಗತಿ ಈಗ ಗೊತ್ತಾಯಿತು. ಟ್ರಿಗರ್ ಒತ್ತಿದರೆ ಟಕ್ ಅನ್ನುವುದು ಪೀಜೋ, ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಒಳಗೆ ಇರುವುದೇ. ಅದು ಹಳೆ ಫಿಲಮೆಂಟ್ ಸೆಟ್‌ಗೆ ಮಾಡಿದ ಟೂಲ್. ಆ ಸಣ್ಣ ಬಲ್ಬುಗಳ ಒಳಗೆ ಫಿಲಮೆಂಟಿನ ಕೆಳಗೆ ಕೂದಲಿನಂತಹ ಇನ್ನೊಂದು ತಂತಿ ಸುತ್ತಿರುತ್ತಾರೆ. ಅದರ ಮೇಲೆ ತೆಳು ಪದರ ಇರುವುದರಿಂದ ಸಾಮಾನ್ಯವಾಗಿ ಅದರಲ್ಲಿ ಕರೆಂಟ್ ಹೋಗುವುದಿಲ್ಲ. ಫಿಲಮೆಂಟ್ ಕಡಿದಾಗ ಪೂರ್ತಿ ವೋಲ್ಟೇಜ್ ಅಲ್ಲಿ ಬಿದ್ದು ಪದರ ಒಡೆಯುತ್ತದೆ. ಆ ಒಂದು ಬಲ್ಬ್ ಆರುತ್ತದೆ, ಉಳಿದವು ಉರಿಯುತ್ತವೆ. ಕೆಲವು ಸಲ ಪದರ ಒಡೆಯುವುದಿಲ್ಲ, ಸೆಟ್ಟೇ ಕತ್ತಲಾಗುತ್ತದೆ. ಆಗ ಈ ಗನ್ನಿನ ಏಟು ಅದನ್ನು ಒಡೆಯುತ್ತದೆ.

ನಿಮ್ಮ ಎಲ್‌ಇಡಿ ಒಳಗೆ ಆ ತಂತಿಯೇ ಇಲ್ಲ. ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಎಲ್‌ಇಡಿ ಸೆಟ್‌ಗೆ ಅಂತಲೇ ಬೇರೆ ಟೂಲ್ ಬರುತ್ತದೆ. ನಿಮಗೆ ಬಂದಿರುವುದು ಅದಲ್ಲ.

ಕುಣಿಗಲ್ ರಸ್ತೆ
ಪ್ಯಾಕ್ ಮೇಲೆ ಎಲ್‌ಇಡಿ ಅಂತ ಇತ್ತು ಸಾರ್! ಈಗ ಭೂತಗನ್ನಡಿ ಹಿಡಿದು ನೋಡಿದೆ. "ಎಲ್‌ಇಡಿ ಟಾರ್ಚ್ ಇದೆ" ಅಂತೆ. ಥೂ. ಹೋಗಲಿ, ಪೀಂ ಅನ್ನುವುದಾದರೂ ಕೆಲಸ ಮಾಡಬೇಕಲ್ವಾ?

ಚಿಂತಾಮಣಿ ಟಿವಿ
ಮಾಡುತ್ತದೆ, ಆದರೆ ನಿಮ್ಮ ಸೆಟ್‌ನಲ್ಲಿ ಮೋಸ ಮಾಡುತ್ತದೆ ಅಣ್ಣಾ. ಬಾಲದಲ್ಲಿ ಸಾಕೆಟ್ ಇದೆ ಅಂದಿರಿ. ಅಂದರೆ ಫೇಸ್, ನ್ಯೂಟ್ರಲ್ ಎರಡೂ ಕೊನೆ ತನಕ ಹೋಗುತ್ತವೆ. ಅದರ ಜೊತೆಗೆ ಬಲ್ಬ್ ವೈರ್ ಹೆಣೆದಿರುತ್ತದೆ. ಮೂತಿ ಹಿಡಿದಾಗ ಪಕ್ಕದ ಫೇಸ್ ವೈರೇ ಪೀಂ ಅನ್ನಿಸುತ್ತದೆ. ಸತ್ತ ಭಾಗದಲ್ಲಿ ಎರಡು ಬಲ್ಬ್ ನಡುವೆ ಹೆಣಿಗೆ ಬಿಚ್ಚಿ, ಬಲ್ಬಿಗೆ ಹೋಗುವ ಒಂಟಿ ವೈರನ್ನು ಒಂದು ಗೇಣು ದೂರ ಎಳೆದು ಹಿಡಿದು ನೋಡಿ. ಪೂರ್ತಿ ಎಲ್ಲೂ ಪೀಂ ಬಾರದಿದ್ದರೆ ಟೂ ಪಿನ್ ಪ್ಲಗ್ ತಿರುಗಿಸಿ ಹಾಕಿ. ಫೇಸ್ ಆ ಕಡೆಯಿಂದ ಬರುತ್ತದೆ.

ವೈರ್ ಸಿಪ್ಪೆ ಸುಲಿದಿರುವ ಕಡೆ ಕೈ ಇಡಬೇಡಿ. ಇದು ಅಡಾಪ್ಟರ್ ಸೆಟ್ ಅಲ್ಲ, ಪೂರ್ತಿ 230. ಒಂದು ಬಲ್ಬಿಗೆ ಮೂರೇ ವೋಲ್ಟ್ ಅಂತ ಧೈರ್ಯ ಮಾಡಿದವರನ್ನು ನೋಡಿದ್ದೇನೆ.

ಮುಳಬಾಗಿಲು ಪಿಕ್ಸೆಲ್
ಇನ್ನೂ ಆ ಸೆಟ್ ಯಾಕೆ ಕಟ್ಟುತ್ತೀರಿ? ನಮ್ಮ ಊರ ಕರಗಕ್ಕೆ ಈ ಸಲ ಪೂರ್ತಿ ಪಿಕ್ಸೆಲ್, ಒಂದೊಂದು ಬಲ್ಬಿಗೂ ಒಂದೊಂದು ಚಿಪ್ ಇರುವುದು. ಟಿ-1000 ಕಂಟ್ರೋಲರ್, ಎಸ್‌ಡಿ ಕಾರ್ಡ್‌ನಲ್ಲಿ ಪ್ರೋಗ್ರಾಂ. ನವಿಲು ಗರಿ ಬಿಚ್ಚುತ್ತದೆ, ಮೇಲಿಂದ ಹೂವು ಬೀಳುತ್ತದೆ. ಬಿದಿರಿನ ಚೌಕಟ್ಟು ನಾನೇ ಕಟ್ಟಿದ್ದು. ಎರಡು ಸಾವಿರ ಬಲ್ಬ್. ಫೋಟೋ ಹಾಕಲಾ?

ಐಟಿಐ ಮೇಷ್ಟ್ರು
ಎರಡು ಸಾವಿರಕ್ಕೆ ಪವರ್ ಸಪ್ಲೈ ಎಷ್ಟು ಆಂಪಿಯರ್ ಹಾಕಿದ್ದೀರಿ?

ಮುಳಬಾಗಿಲು ಪಿಕ್ಸೆಲ್
ಸಾಕಾಗುವಷ್ಟು.

ಐಟಿಐ ಮೇಷ್ಟ್ರು
ಅದೇ ಕೇಳಿದ್ದು. ಇರಲಿ. ಪಿಕ್ಸೆಲ್‌ನಲ್ಲಿ ಒಂದು ಚಿಪ್ ಹೋದರೆ ಮುಂದಿನದಕ್ಕೆ ಡೇಟಾ ಹೋಗುವುದಿಲ್ಲ, ಅಲ್ಲಿಂದ ಆಚೆಗೆ ಎಲ್ಲ ಹುಚ್ಚಾಟ. ಅಲ್ಲಿ ಈ ಪೀಂ ಗನ್ ಕೂಡ ನಡೆಯುವುದಿಲ್ಲ. ಅದು ಡಿಸಿ, ಗನ್ ಹುಡುಕುವುದು ಎಸಿ.

ಕುಣಿಗಲ್ ರಸ್ತೆ
ಎಲ್ಲರಿಗೂ ನಮಸ್ಕಾರ, ನನ್ನ ಸೆಟ್ ಇನ್ನೂ ಕತ್ತಲಲ್ಲೇ ಇದೆ 🙏

ಟಿವಿ ಅಣ್ಣ ಹೇಳಿದ ಹಾಗೆ ಹೆಣಿಗೆ ಬಿಚ್ಚಿ ನೋಡಿದೆ. ಈಗ ಒಂದು ಕಡೆ ನಿಂತಿತು! ಆ ಬಲ್ಬ್ ಕತ್ತರಿಸಿ ಹೊಸದು ಬೆಸೆದೆ. ಉರಿಯಲಿಲ್ಲ. ಮತ್ತೆ ನೋಡಿದರೆ ಇನ್ನೂ ಮುಂದೆ ನಿಲ್ಲುತ್ತದೆ. ಪ್ಲಗ್ ತಿರುಗಿಸಿದರೆ ಹಿಂದಿನಿಂದ ಬಂದು ಬೇರೆ ಎಲ್ಲೋ ನಿಲ್ಲುತ್ತದೆ. ದೆವ್ವ ಹೊಕ್ಕಿದೆಯಾ?

ಸರ್ಕ್ಯೂಟ್ ಸಾಮಿ
ಅದಕ್ಕೇ ಹೇಳಿದ್ದು ಕಂಟ್ರೋಲರ್ ನೋಡಿ ಅಂತ.

ಚಿಂತಾಮಣಿ ಟಿವಿ
ಸಾಮಿ, ಡಬ್ಬಿ ಇಲ್ಲ ಅಂತ ಆಗಲೇ ಹೇಳಿದ್ದಾರೆ.

ಅಣ್ಣಾ, ಆ ಕಡೆಯಿಂದ ಒಂದು ಜಾಗ, ಈ ಕಡೆಯಿಂದ ಒಂದು ಜಾಗ ನಿಲ್ಲುತ್ತದೆ ಅಂದರೆ ಎರಡು ಕಡೆಯಾದರೂ ಕಡಿದಿದೆ. ನಡುವೆ ಇನ್ನೂ ಇರಬಹುದು. ಒಂದೇ ಸಲ ಇಷ್ಟು ಬಲ್ಬ್ ಸುಮ್ನೆ ಹೋಗುವುದಿಲ್ಲ. ಒಂದು ಉಪಕಾರ ಮಾಡಿ. ಸತ್ತ ಭಾಗದಲ್ಲಿ ಎಷ್ಟು ಬಲ್ಬ್, ಉರಿಯುವ ಭಾಗದಲ್ಲಿ ಎಷ್ಟು, ಎಣಿಸಿ ಹೇಳಿ.

ಕುಣಿಗಲ್ ರಸ್ತೆ
ಎಣಿಸಿದೆ. ಮಗಳನ್ನು ಕೂರಿಸಿಕೊಂಡು ಎರಡು ಸಲ. ಉರಿಯುವುದು 90. ಸತ್ತದ್ದು 82.

ಐಟಿಐ ಮೇಷ್ಟ್ರು
ಎಂಟು ಎಲ್ಲಿ ಹೋಯಿತು?

ಕುಣಿಗಲ್ ರಸ್ತೆ
ಓ, ಅದಾ. ಹೋದ ವರ್ಷ ಅಟ್ಟದಲ್ಲಿ ಇಲಿ ಕಡಿದಿತ್ತು. ನಮ್ಮ ಭಾವ ಅಷ್ಟು ಕತ್ತರಿಸಿ ಬಿಸಾಕಿ ವೈರ್ ಸೇರಿಸಿ ಟೇಪ್ ಸುತ್ತಿಕೊಟ್ಟರು. ಆಮೇಲೆ ಚೆನ್ನಾಗೇ ಉರಿಯಿತು, ಮೊದಲಿಗಿಂತ ಜಾಸ್ತಿ ಬೆಳಕು. ಅದಕ್ಕೂ ಇದಕ್ಕೂ ಏನು ಸಂಬಂಧ?

ಐಟಿಐ ಮೇಷ್ಟ್ರು
"ಮೊದಲಿಗಿಂತ ಜಾಸ್ತಿ ಬೆಳಕು." ಸಂಬಂಧ ನೀವೇ ಬರೆದಿದ್ದೀರಿ.

ಲೆಕ್ಕ ನೋಡಿ. ನಮ್ಮ 230 ವೋಲ್ಟ್ ಎಸಿ ಅಲೆಯ ತುದಿ (ಪೀಕ್) ಸುಮಾರು 325 ವೋಲ್ಟ್. ಬಿಳಿ ಎಲ್‌ಇಡಿ ಒಂದಕ್ಕೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು. 90 ಬಲ್ಬಿಗೆ 270. ಉಳಿದ 55 ವೋಲ್ಟ್ ಸೆಟ್‌ನಲ್ಲಿರುವ ರೆಸಿಸ್ಟರ್ ಮೇಲೆ ಬೀಳುತ್ತದೆ, ಅದೇ ಕರೆಂಟನ್ನು ಹಿಡಿದಿಡುವುದು. 82 ಬಲ್ಬ್ ಆದಾಗ ಬೇಕಿರುವುದು 246. ರೆಸಿಸ್ಟರ್ ಮೇಲೆ 79. ರೆಸಿಸ್ಟರ್ ಬದಲಾಗಿಲ್ಲ. ಅಂದರೆ ತುದಿಯಲ್ಲಿ ಕರೆಂಟ್ ಸುಮಾರು 1.4 ಪಟ್ಟು. ಒಂದು ವರ್ಷ ಬೆಳಕು ಜಾಸ್ತಿ ಕೊಟ್ಟಿತು, ಈಗ ಒಂದೊಂದಾಗಿ ಹೋಗುತ್ತಿವೆ. ಒಂದು ಬಲ್ಬ್ ಒಳಗೇ ಶಾರ್ಟ್ ಆದರೂ ಉಳಿದವಕ್ಕೆ ಭಾರ ಇನ್ನೂ ಏರುತ್ತದೆ.

ಕುಣಿಗಲ್ ರಸ್ತೆ
ಭಾವನಿಗೆ ಹೇಗೆ ಹೇಳುವುದು ಇದನ್ನ?

ಮುಳಬಾಗಿಲು ಪಿಕ್ಸೆಲ್
ಹೇಳಬೇಡಿ. ಇಲಿ ಮೇಲೆ ಹಾಕಿ.

ಚಿಂತಾಮಣಿ ಟಿವಿ
ಈಗ ಗನ್ ಪಕ್ಕಕ್ಕೆ ಇಡಿ. ಹತ್ತಿರದ ಎಲ್‌ಇಡಿ ಟಿವಿ ರಿಪೇರಿ ಅಂಗಡಿಗೆ ಹೋಗಿ ಬ್ಯಾಕ್‌ಲೈಟ್ ಟೆಸ್ಟರ್ ಕೇಳಿ. ಅಂಗೈ ಅಗಲದ ಡಬ್ಬಿ, ಎರಡು ಸೂಜಿ ಪ್ರೋಬ್. ಟಿವಿ ಒಳಗಿನ ಎಲ್‌ಇಡಿ ಪಟ್ಟಿ ನೋಡುವುದಕ್ಕೆ ಇಟ್ಟಿರುತ್ತೇವೆ. ತಾನೇ ವೋಲ್ಟೇಜ್ ಏರಿಸಿಕೊಂಡು 300ರ ತನಕ ಹೋಗುತ್ತದೆ, ಕರೆಂಟ್ ಮಾತ್ರ ಸ್ವಲ್ಪವೇ ಬಿಡುತ್ತದೆ. ಎಷ್ಟು ವೋಲ್ಟಿಗೆ ಹೊತ್ತಿತು ಅಂತ ಅಂಕಿಯೂ ತೋರಿಸುತ್ತದೆ. ನನ್ನ ಮಟ್ಟಿಗೆ ಸೀರಿಯಲ್ ಸೆಟ್‌ಗೆ ಇದಕ್ಕಿಂತ ಒಳ್ಳೆಯ ಟೂಲ್ ಇಲ್ಲ.

ಸೆಟ್ ಪ್ಲಗ್ ಕಿತ್ತು ಪಕ್ಕದಲ್ಲೇ ಕಣ್ಣಿಗೆ ಕಾಣುವ ಹಾಗೆ ಇಡಿ. ನಡುವೆ ಹತ್ತು ಬಲ್ಬ್ ಬರುವ ಹಾಗೆ ಎರಡೂ ಕಡೆ ಬಲ್ಬ್ ವೈರಿಗೆ ಸೂಜಿ ಚುಚ್ಚಿ. ಹತ್ತೂ ಹೊತ್ತಿದರೆ ಮುಂದಿನ ಹತ್ತು. ಹೊತ್ತದಿದ್ದರೆ ಪ್ರೋಬ್ ಅದಲು ಬದಲು ಮಾಡಿ ನೋಡಿ, ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ. ಆಗಲೂ ಇಲ್ಲ ಅಂದರೆ ಐದೈದು ಮಾಡಿ. ಸೂಜಿ ತುದಿ ಮುಟ್ಟಬೇಡಿ, ಚುರ್ ಅನ್ನುತ್ತದೆ. ಚುಚ್ಚಿದ ಕಡೆ ಆಮೇಲೆ ಟೇಪ್, ಮರೆಯಬೇಡಿ.

ಐಟಿಐ ಮೇಷ್ಟ್ರು
ಮಲ್ಟಿಮೀಟರ್ ಡಯೋಡ್ ಮೋಡ್ (ಸಣ್ಣ ವೋಲ್ಟೇಜ್ ಕೊಟ್ಟು ನೋಡುವ ಸೆಟ್ಟಿಂಗ್) ಸಾಕಲ್ಲ, ಟಿವಿ ಅಂಗಡಿಗೆ ಯಾಕೆ ಓಡಬೇಕು?

ಚಿಂತಾಮಣಿ ಟಿವಿ
ಕೆಂಪು ಬಲ್ಬ್ ಆದರೆ ಸಾಕು ಸಾರ್, ಎರಡು ವೋಲ್ಟಿಗೆ ಹೊತ್ತುತ್ತದೆ. ಬಿಳಿಗೆ ಅಗ್ಗದ ಮೀಟರಿನ ವೋಲ್ಟೇಜ್ ಸಾಲುವುದಿಲ್ಲ. ಮಿಣುಕ್ ಅಂದರೆ ಪುಣ್ಯ. ಅದೂ ಒಂದೊಂದೇ ಬಲ್ಬ್ ನೋಡಬೇಕು, 82 ಸಲ ಚುಚ್ಚಬೇಕು.

ಐಟಿಐ ಮೇಷ್ಟ್ರು
ನನ್ನ ಮೀಟರಿನಲ್ಲಿ ಬಿಳಿಯೂ ಹೊತ್ತುತ್ತದೆ. ಇಪ್ಪತ್ತು ವರ್ಷದ ಹಳೆಯದು, ಇನ್ನೂ ಕ್ಯಾಲಿಬ್ರೇಷನ್ ತಪ್ಪಿಲ್ಲ.

ಮುಳಬಾಗಿಲು ಪಿಕ್ಸೆಲ್
ಶುರುವಾಯಿತು ಮೀಟರ್ ಪುರಾಣ.

*(ಮೀಟರ್ ಬಗ್ಗೆ ಹನ್ನೊಂದು ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ)*

ಕುಣಿಗಲ್ ರಸ್ತೆ
ಸಿಕ್ಕಿತು!!

ನಮ್ಮ ಬೀದಿಯ ಟಿವಿ ಅಂಗಡಿಯವರು ಟೆಸ್ಟರ್ ಕೊಟ್ಟು, ಇಲ್ಲೇ ಕೂತು ಮಾಡಿ ಅಂತ ಸ್ಟೂಲ್ ಹಾಕಿದರು. ಮೊದಲ ಹತ್ತಕ್ಕೆ ಸೂಜಿ ಚುಚ್ಚಿದ ಕೂಡಲೇ ಹತ್ತೂ ಒಟ್ಟಿಗೆ ಮೆಲ್ಲಗೆ ಹೊತ್ತಿಕೊಂಡವು. ಡಬ್ಬಿಯಲ್ಲಿ 27 ಅಂತ ಬಂತು. ಮೂರು ರಾತ್ರಿ ಆದ ಮೇಲೆ ಅದನ್ನು ನೋಡಿದರೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಎರಡನೆಯ ಹತ್ತು ಇಲ್ಲ. ಐದನೆಯದು ಇಲ್ಲ. ಏಳನೆಯದು ಇಲ್ಲ. ಆರನೆಯದು ಹೊತ್ತಿತು, ಆದರೆ 24 ಮೇಲೆ ಏರಲಿಲ್ಲ. ಎಣಿಸಿದರೆ ಒಂಬತ್ತೇ ಉರಿಯುತ್ತಿದ್ದವು. ಒಂದು ಒಳಗೇ ಶಾರ್ಟ್ ಆಗಿದೆ. ಮೇಷ್ಟ್ರು ಹೇಳಿದ್ದು ಅದೇ ಇರಬೇಕು.

ಒಟ್ಟು ನಾಲ್ಕು. ಸ್ಲೀವ್ ಕತ್ತರಿಸಿ ನೋಡಿದರೆ ಒಂದರ ಒಳಗೆ ಹಳದಿ ಚುಕ್ಕೆ ಇರುತ್ತದಲ್ಲ, ಅದು ಸುಟ್ಟು ಕಾಫಿಪುಡಿ ಬಣ್ಣ ಆಗಿದೆ. ಇನ್ನೊಂದರ ಕಾಲು ತುಕ್ಕು ಹಿಡಿದು ಉದುರಿತು. ನಾಲ್ಕು ಹೊಸದು, ಇಲಿ ತಿಂದ ಎಂಟು ಹೊಸದು, ಲೆಕ್ಕ ಸರಿಯಾಗಿ 90 ಮಾಡಿದೆ. ಪ್ಲಗ್ ಹಾಕಿದೆ. ಉರಿಯಿತು.

ಒಂದೇ ಕೊರತೆ. ಅಂಗಡಿಯಲ್ಲಿ ವಾರ್ಮ್ ವೈಟ್ ಸಿಗಲಿಲ್ಲ. ಹನ್ನೆರಡು ಬಲ್ಬ್ ಹಾಲಿನ ಬಣ್ಣ, ಉಳಿದವು ತುಪ್ಪದ ಬಣ್ಣ. ಭಾವ ಬಂದ ತಕ್ಷಣ ಕಂಡುಹಿಡಿದರು. "ಯಾರಪ್ಪ ಈ ಕೆಲಸ ಮಾಡಿದ್ದು" ಅಂತ ಕೇಳಿದರು.

ಚಿಂತಾಮಣಿ ಟಿವಿ
ಇಲಿ ಅನ್ನಬೇಕಿತ್ತು.

ಉಳಿದ ಹಳೆ ಬಲ್ಬುಗಳು ಒಂದು ವರ್ಷ ಜಾಸ್ತಿ ಕರೆಂಟ್ ತಿಂದಿವೆ. ಮುಂದಿನ ಕಾರ್ತಿಕದ ತನಕ ಇನ್ನೂ ಒಂದೆರಡು ಹೋಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ಬಾಲದ ಸಾಕೆಟ್‌ಗೆ ಮಳೆ ನೀರು ಹೋಗದ ಹಾಗೆ ಪ್ಲಾಸ್ಟಿಕ್ ಸುತ್ತಿ, ಬಾಯಿ ಕೆಳಗೆ ಮಾಡಿ ಕಟ್ಟಿ.

ಸರ್ಕ್ಯೂಟ್ ಸಾಮಿ
ಸರಿ ಒಪ್ಪಿದೆ. ಆದರೂ ಪ್ಲಗ್ ಒಳಗೆ ಒಂದು ಸಲ ನೋಡಿ.

ತಿಪಟೂರು ತೆಂಗು
ಲೇಟಾಗಿ ಬಂದೆ. ಅಣ್ಣ, ಆ ಹಳದಿ ಗನ್ ನಿಮಗೆ ಬೇಡ ಅಂದರೆ ನನಗೆ ಕೊಡುತ್ತೀರಾ? ನಮ್ಮ ಅಪ್ಪನ ಕಾಲದ ಫಿಲಮೆಂಟ್ ಸೆಟ್ ನಾಲ್ಕು ಇವೆ, ಬಣ್ಣದ ಬಲ್ಬಿನವು. ಬಿಸಾಕಲು ಮನಸ್ಸಿಲ್ಲ.

ಕುಣಿಗಲ್ ರಸ್ತೆ
ಧಾರಾಳವಾಗಿ. ತುಮಕೂರು ಬಸ್ ಸ್ಟ್ಯಾಂಡಿಗೆ ಬಂದಾಗ ಹೇಳಿ, ತಂದುಕೊಡುತ್ತೇನೆ. ದುಡ್ಡು ಬೇಡ, ಎರಡು ಎಳನೀರು ತನ್ನಿ.

ಐಟಿಐ ಮೇಷ್ಟ್ರು
ಕೊಡುವ ಮುಂಚೆ ಪ್ಯಾಕ್ ಮೇಲೆ 120 ವೋಲ್ಟ್ ಅಂತ ಇದೆಯಾ ನೋಡಿ. ಅಮೆರಿಕದ ಕರೆಂಟಿಗೆ ಮಾಡಿದ್ದಾದರೆ ನಮ್ಮ 230ರ ಸೆಟ್ ಪ್ಲಗ್‌ನಲ್ಲಿ ಇರುವಾಗ ಅದನ್ನು ಸೇರಿಸಬಾರದು.

ಕುಣಿಗಲ್ ರಸ್ತೆ
ಪ್ಯಾಕ್‌ನಲ್ಲಿ ಮಗಳು ಬಳೆ ಇಟ್ಟುಕೊಂಡಿದ್ದಾಳೆ. ಸಂಜೆ ಸ್ಕೂಲಿನಿಂದ ಬಂದ ಮೇಲೆ ನೋಡಿ ಹೇಳುತ್ತೇನೆ.